ಅಂತೆ ಬಿಟ್ಟುಹೋದ ಸಾಲು

ಹೇಳಿದ್ದೆನೋ, ಇಲ್ಲವೋ. ಕಣ್ಣು ಬಿಡುವುದಕ್ಕೆ ಮೊದಲೇ ಆ ಪ್ರಶ್ನೆ ಟೆಸೆಲಿನ್ ಮೇಷ್ಟ್ರ ಎದೆಯ ಮೇಲೆ ಬಂದು ಕೂತಿತ್ತು. ಹೇಳಿಯೇ ಇರುತ್ತೇನೆ, ಹೇಳದೆ ಎಲ್ಲಿಗೆ ಹೋಗಲಿ, ತಲೆಗೂದಲು ಕಪ್ಪಗಿದ್ದಾಗಿನಿಂದ ಹೇಳಿಕೊಂಡೇ ಬಂದ ಮಾತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಾಯಿಂದ ತಾನಾಗಿ ಉದುರುತ್ತದೆ ಎಂದು ಕಂಬಳಿಯೊಳಗೇ ತನಗೆ ತಾನು ಧೈರ್ಯ ಹೇಳಿಕೊಂಡ. ಧೈರ್ಯ ಬರಲಿಲ್ಲ. ಲ್ವಾರ್ ನದಿಯ ಮಂಜು ಕಿಟಕಿಯ ಎಣ್ಣೆಬಟ್ಟೆಗೆ ಅಂಟಿಕೊಂಡು, ಹೊತ್ತು ಎಷ್ಟಾಯಿತೆಂದು ತಿಳಿಯದಂತಾಗಿತ್ತು. ಕಾಲು ತಣ್ಣಗಿತ್ತು, ಅಂಗೈ ಮಾತ್ರ ಬೆವರಿತ್ತು. ಇವತ್ತು ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ ಆರ್ಚ್‌ಡೀಕನ್ ಐಮೆರಿಕ್ ಬರಹೇಳಿದ್ದಾರೆ. ಬಿಷಪ್ಪರ ಬಲಗೈ ಅವರು, ಹೊಸದಾಗಿ ಬಂದವರು, ಬಂದದ್ದೇ ಶಾಲೆಯ ಪುಸ್ತಕಗಳನ್ನು ಒಂದೊಂದಾಗಿ ತರಿಸಿಕೊಂಡು ಓದುತ್ತಿದ್ದಾರೆ. ಕರೆ ತಂದ ಸೇವಕ ಬಾಗಿಲಲ್ಲೇ ನಿಂತು, 'ಚಿಲುಮೆ ಟಿಪ್ಪಣಿ ವಿಚಾರ ಏನೋ ಕೇಳೋದಿದೆಯಂತೆ, ನೀವೂ ಆನ್ಸೋಲ್ ಮೇಷ್ಟ್ರೂ ಇಬ್ಬರೂ ಬರ್ಬೇಕಂತೆ' ಎಂದು ಹೇಳಿ ಮೂಗು ಒರೆಸಿಕೊಂಡು ಹೊರಟುಹೋಗಿದ್ದ. ಅವನ ಪಾಲಿಗೆ ಎಲ್ಲವೂ ಅಂತೆಯೇ. ಪುಣ್ಯವಂತ.

ರೋಮಿನ ಹಳೆಯ ಕವಿಗಳನ್ನು ಓದಿಸದೆ ಲ್ಯಾಟಿನ್ ಬರುವುದಿಲ್ಲ, ಓದಿಸಿದರೆ ಅವರ ದೇವರುಗಳೂ ಜೊತೆಗೆ ಬರುತ್ತಾರೆ. ಹಸು ಬೇಕು, ಕೊಂಬು ಬೇಡ ಎಂದರೆ ನಡೆಯುತ್ತದೆಯೇ? ಅದಕ್ಕೇ ಚರ್ಚಿನ ಶಾಲೆಗಳ ಹಿಂದಿನ ಮೇಷ್ಟ್ರುಗಳು ಒಂದು ಉಪಾಯ ಮಾಡಿಟ್ಟಿದ್ದರು. ಗುಡುಗಿನ ದೇವರು ಬೆಟ್ಟದ ಮೇಲಿದ್ದಾನೆ ಎಂದು ಕವಿ ಬರೆದಿದ್ದರೆ, ಅರ್ಥ ಬಿಡಿಸುವವನು 'ಇದ್ದಾನಂತೆ' ಎನ್ನಬೇಕು. ಸಾಲಿನ ಮೇಲೋ ಪುಟದ ಅಂಚಿನಲ್ಲೋ ಟಿಪ್ಪಣಿ ಬರೆಯುವವನು 'ಇದ್ದಾನಂತೆ' ಎಂದೇ ಬರೆಯಬೇಕು. ಲ್ಯಾಟಿನ್ನಿನಲ್ಲಿ ಅದೊಂದು ಪುಟ್ಟ ಕ್ರಿಯಾಪದ, ನಮ್ಮ 'ಅಂತೆ'ಯಷ್ಟೇ ಹಗುರ. ಚರ್ಮದ ಹಾಳೆ ದುಬಾರಿ, ಜಾಗ ಉಳಿಸಬೇಕು, ಅದಕ್ಕೆ ಅದನ್ನೂ ಮೊಟಕುಮಾಡಿ ಒಂದಕ್ಷರ ಬರೆದು ನೆತ್ತಿಯ ಮೇಲೊಂದು ಗೀಟು ಎಳೆದುಬಿಡುತ್ತಾರೆ. ನೊಣ ಕೂತು ಎದ್ದುಹೋದಷ್ಟು ಗುರುತು. ಆ ಗುರುತಿದ್ದರೆ ಮೇಷ್ಟ್ರು ವಿದ್ವಾಂಸ. ಇಲ್ಲದಿದ್ದರೆ ಸುಳ್ಳುದೇವರು ಇದ್ದಾನೆಂದು ಸಾರಿದವನು. ಹೊಳೆಯ ಕೆಳಗಿನ ಊರಿನಲ್ಲಿ ಹೋದ ವರ್ಷ ಒಬ್ಬ ಮೇಷ್ಟ್ರನ್ನು ಬರಿಗಾಲಲ್ಲಿ, ಬರಿ ಅಂಗಿಯಲ್ಲಿ ಸಂತೆಬೀದಿಯ ಉದ್ದಕ್ಕೂ ನಡೆಸಿ, ಅವನ ಪುಸ್ತಕಗಳನ್ನು ಅವನ ಕೈಯಿಂದಲೇ ಬೆಂಕಿಗೆ ಹಾಕಿಸಿದ್ದರು. ಈಗ ಯಾವುದೋ ಮಠದ ಕೋಣೆಯಲ್ಲಿ ಇಟ್ಟು ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ್ದಾರಂತೆ, ಅನ್ನ ನೀರಿಗೆ ಒಂದು ತೂತು ಮಾತ್ರ ಬಿಟ್ಟಿದ್ದಾರಂತೆ. ಅವನ ತಪ್ಪು ಏನೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಟೆಸೆಲಿನ್ ಆ ತೂತಿನ ಬಗ್ಗೆ ಯೋಚಿಸುತ್ತ ಹಾಸಿಗೆಯಿಂದ ಎದ್ದ.

'ಗಂಜಿ ಆರಿ ಕಲ್ಲಾಯ್ತು ಅಣ್ಣಾ' ಎಂದಳು ಎರೆಂಬೂರ್. ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಂದು ಒಲೆಯನ್ನೂ ಅವನನ್ನೂ ವಹಿಸಿಕೊಂಡ ತಂಗಿ ಅವಳು. ಒಣಬಟಾಣಿಯ ಗಂಜಿಗೆ ಈರುಳ್ಳಿ ಹಾಕಿದ್ದಳು. 'ಮುಖ ನೋಡು, ಹೆಣದ ಕಳೆ. ಆ ಆರ್ಚ್‌ಡೀಕನ್ನು ನಿನ್ನನ್ನೇನು ಹುರಿದು ತಿಂತಾನಾ?'

'ಮೆಲ್ಲಗೆ ಮಾತಾಡೇ. ಪಕ್ಕದ ಮನೆಗೆ ಕೇಳಿಸ್ತದೆ.'

'ಕೇಳಿಸ್ಲಿ. ನೀನು ಕದ್ದಿದೀಯಾ, ಕೊಂದಿದೀಯಾ? ಒಂದು ಪದ ಬಿಟ್ಟುಹೋಯ್ತಂತೆ. ನಾನು ದಿನಾ ಉಪ್ಪು ಬಿಡ್ತೀನಿ, ನನ್ನನ್ನ ಯಾರು ಕರೆಸ್ತಾರೆ?'

ಅವನು ನಗಲು ನೋಡಿದ. ಅವಳ ಕುತ್ತಿಗೆಯ ನರ ಮಾತಿಗೆ ತಕ್ಕಂತೆ ಎದ್ದು ಇಳಿಯುತ್ತಿತ್ತು, ಹಣೆಯ ಮೇಲೆ ಒಲೆಯ ಮಸಿ. ಇವಳು ಬದುಕಿದ್ದಾಳೆ. ಅದೇ ತಪ್ಪು, ತನ್ನ ತಪ್ಪು ಶುರುವಾದದ್ದೇ ಅಲ್ಲಿ, ಇವಳು ಬದುಕಿದ್ದರಲ್ಲಿ, ಎಂದು ಅನ್ನಿಸಿ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಚಮಚ ಬಟ್ಟಲಿಗೆ ತಾಗಿ ಸದ್ದು ಮಾಡಿತು. ಕೈ ನಡುಗುತ್ತಿರುವುದನ್ನು ಅವಳು ನೋಡಿದಳು. ನೋಡಿ, ಒಲೆಯ ಕಡೆ ತಿರುಗಿದಳು. ಅವಳು ಬಯ್ದಿದ್ದರೆ ವಾಸಿ ಇತ್ತು.

ಅವನು ಹುಡುಗನಾಗಿದ್ದಾಗ ಒಂದು ದಿನ, ಅವ್ವ ಹಸುಗೂಸಾಗಿದ್ದ ಇವಳನ್ನು ಬೆನ್ನಿಗೆ ಕಟ್ಟಿಕೊಂಡು ಮುಂದೆ ಹೋಗುತ್ತಿದ್ದಳು, ಅವನು ರೊಟ್ಟಿಯ ಚೂರು ಹಿಡಿದು ಹಿಂದೆ. ಮೈ ಮುಟ್ಟಿದರೆ ಕೈ ಸುಡುವಂಥ ಜ್ವರ ಮಗುವಿಗೆ. ಪಾದ್ರಿ ಬಂದು ಎಣ್ಣೆ ಹಚ್ಚಿ, ಇನ್ನು ದೇವರಿಚ್ಛೆ ಎಂದು ಹೇಳಿ ಹೋಗಿದ್ದ. ಬೀಚ್ ಮರಗಳ ನಡುವೆ ಬಂಡೆಯ ಸಂದಿಯಿಂದ ನೀರು ಬರುತ್ತಿತ್ತು. ಸುತ್ತಲಿನ ಕೊಂಬೆಗಳ ತುಂಬ ಚಿಂದಿಬಟ್ಟೆ ಕಟ್ಟಿದ್ದರು, ಯಾರ್ಯಾರದೋ ಮಕ್ಕಳ ಅಂಗಿಯ ಚೂರು. ಅವ್ವ ಮಗುವನ್ನು ಕುತ್ತಿಗೆಯವರೆಗೆ ನೀರಿಗೆ ಇಳಿಸಿದಳು, ಮಗು ಅಳಲೂ ಇಲ್ಲ. 'ರೊಟ್ಟಿ ಹಾಕೋ. ನೀರಲ್ಲಿರೋಳ ಕಡೆ ನೋಡಬೇಡ' ಎಂದಳು. ನೋಡಬೇಡ ಎಂದರೆ ನೋಡದ ಹುಡುಗರು ಯಾವ ದೇಶದಲ್ಲಿದ್ದಾರೆ? ಅವನು ನೋಡಿದ. ನೀರಿನ ಕೆಳಗೆ ಒಂದು ಮುಖ, ಅಥವಾ ಮುಖದ ಹಾಗೆ ತೂಗಿದ ಪಾಚಿ, ಅಥವಾ ತನ್ನದೇ ನೆರಳು. ಟಿಪ್ಪಣಿ ಬರೆಯುವ ಕಸುಬಿನಲ್ಲಿ ಅಥವಾ ಎನ್ನುವುದು ದೊಡ್ಡ ಅನುಕೂಲ, ಮೂರು ಅರ್ಥ ಬರೆದು ಮೂರನ್ನೂ ಬಿಟ್ಟು ಮುಂದೆ ಹೋಗಬಹುದು. ಆದರೆ ಆ ಹೊತ್ತಿನಲ್ಲಿ ಅವನಿಗೆ ಅಥವಾ ಗೊತ್ತಿರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಜ್ವರ ಬಿಟ್ಟ ಮಗು ಹಸಿವೆಂದು ಅತ್ತಿತು, ಅವ್ವ ದಾರಿಯಲ್ಲೇ ಕೂತು ಹಾಲು ಕುಡಿಸುತ್ತ ಅವನಿಗೆ ಹೇಳಿದಳು: 'ಯಾರಾದ್ರೂ ಕೇಳಿದ್ರೆ, ಅಲ್ಲಿ ಒಬ್ಬಳಿದ್ದಾಳಂತೆ ಅನ್ನು. ಇದ್ದಾಳೆ ಅನ್ಬೇಡ. ತಿಳೀತಾ? ಇದ್ದಾಳಂತೆ.' ಅಕ್ಷರ ಬಾರದ ಅವ್ವ. ಶಾಲೆಯಲ್ಲಿ ಅದೇ ಮಾತನ್ನು ಕಲಿಯಲು ಅವನು ಬೆತ್ತದ ಏಟು ತಿನ್ನಬೇಕಾಯಿತು.

ಇನ್ನೊಮ್ಮೆ ಅದೇ ಜ್ವರ ಬಂದದ್ದು ಈಸ್ಟರ್ ಕಳೆದ ಮೇಲೆ, ಈ ವರ್ಷ. ಎರೆಂಬೂರ್ ಮೂರು ರಾತ್ರಿ ಗೋಡೆಯ ಜೊತೆ ಮಾತಾಡಿದಳು. ಅವನು ಪಕ್ಕದಲ್ಲಿ ಕೂತು ಕೀರ್ತನೆಗಳನ್ನು ಹೇಳಿದ, ಸಂತರ ಹೆಸರು ಒಂದನ್ನೂ ಬಿಡದೆ ಕರೆದ, ಆದರೆ ನಾಲಗೆ ಸಂತರನ್ನು ಕರೆಯುತ್ತಿದ್ದಾಗ ಮನಸ್ಸು ಬೀಚ್ ಮರಗಳ ಕೆಳಗೆ ರೊಟ್ಟಿಯ ಚೂರು ಹಿಡಿದು ನಿಂತಿತ್ತು. ಬೆಳಗಾದಾಗ ಜ್ವರ ಬಿಟ್ಟಿತ್ತು. ಅವನು ಮುಖ ತೊಳೆಯದೆ ನೇರ ಪಾಠಕ್ಕೆ ಹೋದ. ಅವತ್ತಿನ ಸಾಲುಗಳು ಬಂಡೆಯ ಕೆಳಗಿನ ಚಿಲುಮೆಯವು. ಚಿಲುಮೆಯವಳು ದಾರಿ ತಪ್ಪಿದ ಕುರುಬನಿಗೆ ನೀರು ಕೊಟ್ಟಳು ಎಂದು ಕವಿ ಬರೆದದ್ದು ಅಷ್ಟೇ. ಒದ್ದೆ ಉಣ್ಣೆಯ ವಾಸನೆ ನೆನಪಿದೆ, ಹೊರಗೆ ಬಡಗಿಯೊಬ್ಬ ಉಳಿ ಬಡಿಯುತ್ತಿದ್ದದ್ದು ನೆನಪಿದೆ, ತನ್ನ ದನಿ ಎಂದಿಗಿಂತ ಗಟ್ಟಿಯಾಗಿದ್ದದ್ದು ಕೂಡ. ಏನು ಹೇಳಿದೆನೆನ್ನುವುದು ಮಾತ್ರ ನೆನಪಿಲ್ಲ. ಈಗ ಆರ್ಚ್‌ಡೀಕನ್ನರ ಮೇಜಿನ ಮೇಲಿರುವ ಪುಸ್ತಕದ ಅಂಚಿನಲ್ಲಿ, ಪಾಠವನ್ನು ಕೇಳಿದಂತೆಯೇ ಬರೆದುಕೊಳ್ಳುವ ಆನ್ಸೋಲನ ದುಂಡು ಅಕ್ಷರದಲ್ಲಿ, ಚಿಲುಮೆಯಲ್ಲಿ ಒಬ್ಬಳಿದ್ದಾಳೆ, ಅವಳು ಮಕ್ಕಳ ಜ್ವರ ಬಿಡಿಸುತ್ತಾಳೆ ಎಂದು ಇದೆಯಂತೆ. ಜ್ವರ. ಕವಿಯ ಇಡೀ ಪದ್ಯದಲ್ಲಿ ಎಲ್ಲಿ ಹುಡುಕಿದರೂ ಜ್ವರವಿಲ್ಲ.

ಮನೆಯಿಂದ ಹೊರಟಾಗ ಮಂಜು ಇನ್ನೂ ಕರಗಿರಲಿಲ್ಲ. ಚರ್ಮ ಹದ ಮಾಡುವವರ ಓಣಿಯಲ್ಲಿ ಕೊಳೆತ ನೀರಿನ ನಾತ. ಈ ಓಣಿಯ ಕರುವಿನ ಚರ್ಮದ ಮೇಲೆಯೇ ಜಗತ್ತಿನ ಕಾವ್ಯವೆಲ್ಲ ಬದುಕಿರುವುದು ಎಂದು ಪ್ರತಿ ವರ್ಷ ಹೊಸ ಹುಡುಗರಿಗೆ ಅವನು ತಮಾಷೆ ಮಾಡುತ್ತಿದ್ದ. ಇವತ್ತು ಮೂಗು ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡು ನಡೆದ. ಎದುರಿಗೆ ಬಂದ ಮೀನಿನವಳು 'ನಮಸ್ಕಾರ ಮೇಷ್ಟ್ರೇ' ಎಂದಳು. ಯಾಕೆ ಹಾಗಂದಳು, ದನಿಯಲ್ಲಿ ಕನಿಕರ ಇತ್ತೇ, ಊರಿಗೆಲ್ಲ ಗೊತ್ತಾಗಿದೆಯೇ ಎಂದು ತಿರುಗಿ ನೋಡಿದ. ಅವಳು ಬುಟ್ಟಿ ಇಳಿಸಿ ಯಾರೊಂದಿಗೋ ಈಲ್ ಮೀನಿನ ಚೌಕಾಸಿಗೆ ನಿಂತಿದ್ದಳು. ಭಯಕ್ಕೂ ನಾಚಿಕೆಗೂ ನಡುವೆ ಗೋಡೆಯೇ ಇಲ್ಲ ಎಂದು ಅವನಿಗೆ ಅನ್ನಿಸಿತು. ಬರಿ ಅಂಗಿಯಲ್ಲಿ ಈ ಬೀದಿಯಲ್ಲೇ ನಡೆಸಿದರೆ, ಇವಳು ಈ ಬುಟ್ಟಿ ಹೊತ್ತುಕೊಂಡೇ ನೋಡುತ್ತಾಳೆ. ತನ್ನ ಕಾಲು ಸಣ್ಣ, ಮೊಣಕಾಲು ಗಂಟು. ಅದನ್ನು ಇವಳು ನೋಡುತ್ತಾಳಲ್ಲ ಎನ್ನುವುದೇ ಆ ಗಳಿಗೆಯಲ್ಲಿ ನರಕಕ್ಕಿಂತ ದೊಡ್ಡದಾಗಿ ಕಂಡಿತು.

ಆನ್ಸೋಲ್ ಚರ್ಚಿನ ಉತ್ತರದ ಬಾಗಿಲ ಬಳಿ ಹುರಿದ ಚೆಸ್ಟ್‌ನಟ್ ಸುಲಿಯುತ್ತ ನಿಂತಿದ್ದ. ಒಂದು ಕಾಲಕ್ಕೆ ಟೆಸೆಲಿನ್ನನ ಶಿಷ್ಯ, ಈಗ ಅದೇ ಶಾಲೆಯಲ್ಲಿ ಕಿರಿಯ ಮೇಷ್ಟ್ರು. ದಪ್ಪ ಮನುಷ್ಯ, ದೊಡ್ಡ ನಗೆ, ಪ್ರಾರ್ಥನೆಯಲ್ಲಿ ಅರ್ಧ ಪದಗಳನ್ನು ನುಂಗುತ್ತಾನೆಂದು ಹೆಸರಾದವನು. ಅವನ ಹೆದರಿಕೆಯಿಲ್ಲದ ಮುಖ ನೋಡಿ ಟೆಸೆಲಿನ್ನನಿಗೆ ಸಿಟ್ಟು ಬಂತು.

'ತಗೊಳ್ಳಿ ಮೇಷ್ಟ್ರೇ, ಬಿಸಿ ಇದೆ.'

'ತಿನ್ನೋ ಹೊತ್ತಾ ಇದು?'

'ಹೊಟ್ಟೆಗೇನು ಗೊತ್ತು ಆರ್ಚ್‌ಡೀಕನ್ನು ಯಾರು ಅಂತ.'

ಕೇಳಬೇಕು. ಕೇಳಿದರೆ ಗೊತ್ತಾಗಿಬಿಡುತ್ತದೆ. ಟೆಸೆಲಿನ್ ಒಂದು ಚೆಸ್ಟ್‌ನಟ್ ತೆಗೆದುಕೊಂಡು ಅಂಗೈಯಲ್ಲಿ ಹೊರಳಿಸಿದ. ಬಾಗಿಲ ಮೇಲಿನ ಕಲ್ಲಿನಲ್ಲಿ ಕೊನೆಯ ತೀರ್ಪಿನ ದಿನ ಕೆತ್ತಿದ್ದರು. ಕಪ್ಪೆಬಾಯಿಯ ದೆವ್ವವೊಂದು ಒಬ್ಬ ಪಾಪಿಯ ನಾಲಗೆಯನ್ನು ಇಕ್ಕಳದಿಂದ ಎಳೆಯುತ್ತಿತ್ತು. ದಿನವೂ ಅದರ ಕೆಳಗೇ ಓಡಾಡಿದ್ದಾನೆ, ಆ ಪಾಪಿಯ ತಲೆಯ ಮೇಲೆ ಮೇಷ್ಟ್ರುಗಳ ಟೋಪಿ ಇದೆ ಎನ್ನುವುದನ್ನು ನೋಡಿದ್ದು ಇವತ್ತೇ.

'ಆನ್ಸೋಲ್. ಅವತ್ತು ನಾನು… ಅಂತೆ ಅಂದಿದ್ನಲ್ಲ? ಇದ್ದಾಳಂತೆ ಅಂತ.'

ಆನ್ಸೋಲ್ ಸುಲಿಯುವುದನ್ನು ನಿಲ್ಲಿಸಿದ. 'ನೀವು ಅಂದಿದ್ದನ್ನೇ ಬರ್ದಿದೀನಿ ಮೇಷ್ಟ್ರೇ. ನೀವು ಕೆಮ್ಮಿದ್ರೆ ಕೆಮ್ಮನ್ನೂ ಬರೀತೀನಿ, ನಿಮಗೆ ಗೊತ್ತಲ್ಲ.'

'ಬೇಗ ಬರೀವಾಗ ಕೈ ತಪ್ಪೋದುಂಟು.' ತನ್ನ ದನಿ ತನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. 'ದೊಡ್ಡ ದೊಡ್ಡವರ ಕೈ ತಪ್ಪಿದೆ. ಒಂದು ಗೀಟು. ಅದರಲ್ಲೇನು. ಬರೆದವನ ಕೈತಪ್ಪಿಗೆ ಯಾರೂ ಬೆಂಕಿ ಹಾಕೋದಿಲ್ಲ.'

ಆನ್ಸೋಲ್ ಅವನನ್ನೇ ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಶಿಷ್ಯನಾಗಿದ್ದಾಗ ಒಂದು ಕಷ್ಟದ ಸಾಲಿನ ಅನ್ವಯ ಹೊಳೆದ ಕೂಡಲೇ ಅವನ ಮುಖದಲ್ಲಿ ಕಾಣುತ್ತಿದ್ದ ಬೆಳಕು ಅದು. ಅಷ್ಟೇ ಬೇಗ ಆರಿತು. 'ಹೌದು ಮೇಷ್ಟ್ರೇ' ಎಂದ. 'ನನ್ನ ಕೈ ಮೊದಲಿಂದಲೂ ಸ್ವಲ್ಪ ಪೋಕರಿ.' ನಕ್ಕ. ಸಿಪ್ಪೆಗಳನ್ನು ಕೊಡವಿ ಬಾಗಿಲು ತಳ್ಳಿದ. ಕೇಳಿಬಿಟ್ಟೆ, ಕೇಳಿದ್ದನ್ನು ಅವನು ಕೊಟ್ಟೂಬಿಟ್ಟ ಎಂದುಕೊಳ್ಳುತ್ತ ಟೆಸೆಲಿನ್ ಅವನ ಅಗಲ ಬೆನ್ನ ಹಿಂದೆ ನಡೆದ. ಆ ಬೆನ್ನು ಅಗಲವಾಗಿದ್ದದ್ದು ಸಮಾಧಾನ ತಂದಿತು, ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು.

ಆರ್ಚ್‌ಡೀಕನ್ನರಿಗೆ ನೆಗಡಿಯಾಗಿತ್ತು. ಟೆಸೆಲಿನ್ ಊಹಿಸಿಕೊಂಡಿದ್ದ ಗಿಡುಗನ ಮೂಗಿನ ಮನುಷ್ಯನ ಬದಲು ಮೂಗು ಕೆಂಪಗಾದ, ಕಂಬಳಿ ಹೊದ್ದ, ಬಿಸಿ ದ್ರಾಕ್ಷಾರಸವನ್ನು ಗುಟುಕರಿಸುವ ಮುದುಕರೊಬ್ಬರು ಅಗ್ಗಿಷ್ಟಿಕೆಯ ಪಕ್ಕ ಕೂತಿದ್ದರು. 'ಬನ್ನಿ ಬನ್ನಿ, ಬೆಂಕಿ ಹತ್ರ ಬನ್ನಿ' ಎಂದರು. ಬೆಂಕಿ ಎನ್ನುವ ಮಾತಿಗೆ ಟೆಸೆಲಿನ್ನನ ಕಾಲು ತಡವರಿಸಿತು. ಜೋರು ಮಾಡಿದ್ದರೆ ಎದುರಿಸಬಹುದಿತ್ತೇನೋ. ಈ ಮೃದುತನದಲ್ಲಿ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಮೇಜಿನ ಮೇಲೆ ಪುಸ್ತಕ ತೆರೆದಿತ್ತು, ಪಕ್ಕದಲ್ಲಿ ಸುವಾರ್ತೆಯ ದೊಡ್ಡ ಗ್ರಂಥ, ಅದರ ಮೇಲೆ ಅವರ ಕರವಸ್ತ್ರ.

'ಚೆನ್ನಾಗಿದೆ ನಿಮ್ಮ ಟಿಪ್ಪಣಿ' ಎಂದರು ಅವರು. 'ಈ ವಯಸ್ಸಲ್ಲಿ ನಂಗೂ ಈ ಪದ್ಯ ಅರ್ಥವಾಯ್ತು ಅಂದ್ರೆ ನೋಡಿ. ಇಲ್ಲೊಂದು ಕಡೆ ಮಾತ್ರ ಎಡವಿದೆ. ಎಲ್ಲಾ ಕಡೆ ಅಂತೆ ಇದೆ. ಗುಡುಗಿನವನು ಅಂತೆ, ಸಮುದ್ರದವನು ಅಂತೆ, ಪಾತಾಳದವನು ಅಂತೆ. ಸರಿ. ಈ ಚಿಲುಮೆಯವಳು ಮಾತ್ರ ಇದ್ದಾಳೆ. ಯಾಕೆ?'

ಹೇಳಬೇಕಾದವನು ತಾನು. ಬಾಯಿ ತೆರೆಯಬೇಕು ಎಂದುಕೊಂಡಷ್ಟೂ ನಾಲಗೆ ಅಂಗುಳಿಗೆ ಅಂಟಿತು. ಕೊಂಬೆಗಳಲ್ಲಿ ಚಿಂದಿಬಟ್ಟೆ ಅಲ್ಲಾಡುತ್ತಿತ್ತು, ಅವ್ವನ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

'ನನ್ನ ಕೈತಪ್ಪು ಸ್ವಾಮಿ' ಎಂದ ಆನ್ಸೋಲ್. 'ಮೇಷ್ಟ್ರು ಅಂತೆ ಅಂದಿದ್ರು. ಹೊಟ್ಟೆ ಹಸಿದಿತ್ತು, ಪಾಠ ಉದ್ದ ಆಗಿತ್ತು, ನಾನು ಹಾರಿಸಿಬಿಟ್ಟೆ.'

'ಹೊಟ್ಟೆ' ಎಂದರು ಆರ್ಚ್‌ಡೀಕನ್ನರು, ಅವನ ಹೊಟ್ಟೆಯ ಕಡೆ ನೋಡುತ್ತ. 'ನಂಬಬಹುದಾದ ಮಾತೇ. ಟೆಸೆಲಿನ್ ಮೇಷ್ಟ್ರೇ, ನೀವು ಅಂದಿದ್ರಾ?'

'ಅಂದಿದ್ದೆ ಸ್ವಾಮಿ.'

'ಕೈ ಇಟ್ಟು ಹೇಳಿ.' ಅವರು ಕರವಸ್ತ್ರ ತೆಗೆದರು. 'ಬೇಜಾರು ಮಾಡ್ಕೋಬೇಡಿ, ಬಿಷಪ್ಪರು ಕೇಳ್ತಾರೆ.'

ಗ್ರಂಥದ ಹೊದಿಕೆಯ ಲೋಹ ತಣ್ಣಗಿತ್ತು. ಕೈ ಇಟ್ಟರೆ ಒಣಗಿಹೋಗುತ್ತದೆ ಎಂದು ಕೇಳಿದ್ದ. ಸುಳ್ಳಾಣೆ ಇಟ್ಟವನ ಕೈ ಕಟ್ಟಿಗೆಯಾದ ಕಥೆಯನ್ನು ತಾನೇ ಹುಡುಗರಿಗೆ ಹೇಳಿದ್ದಾನೆ. ಪಕ್ಕದಲ್ಲಿ ಆನ್ಸೋಲ್ ಉಸಿರು ಬಿಡುವುದು ಕೇಳಿಸುತ್ತಿತ್ತು. ಈಗ ನಿಜ ಹೇಳಿದರೆ ಆನ್ಸೋಲನ ಮಾತೂ ಸುಳ್ಳಾಗಿ ಇಬ್ಬರೂ ಮುಳುಗುತ್ತೇವೆ, ಅವನನ್ನು ಉಳಿಸಲೆಂದೇ ನಾನು ಸುಳ್ಳು ಹೇಳಬೇಕು ಎನ್ನುವ ಒಂದು ಅನ್ವಯ ಥಟ್ಟನೆ ಹೊಳೆಯಿತು. ಎಂಥ ವಕ್ರ ಸಾಲನ್ನಾದರೂ ನೆಟ್ಟಗೆ ಮಾಡಿ ತೋರಿಸುವ ಕಸುಬು ತನ್ನದು. 'ಇದ್ದಾಳಂತೆ ಅಂತ ಅಂದಿದ್ದೆ' ಎಂದ. ಕೈಗೆ ಏನೂ ಆಗಲಿಲ್ಲ. ಬೆರಳು ಮಡಿಸಿ ಬಿಡಿಸಿ ನೋಡಿದ. ಏನೂ ಆಗದಿದ್ದುದು ಅವನಿಗೆ ಇನ್ನೂ ಭಯಂಕರವಾಗಿ ಕಂಡಿತು.

'ಇನ್ನೊಂದು' ಎಂದು ಮುದುಕರು ಮೂಗು ಸೀಟಿದರು. 'ಈ ಜ್ವರ ಎಲ್ಲಿಂದ ಬಂತು? ಕವಿ ಹೇಳಿಲ್ಲ. ಹಳೇ ವ್ಯಾಖ್ಯಾನ ನಾನೂ ಒಂದೆರಡು ನೋಡಿದೀನಿ, ಅವರೂ ಹೇಳಿಲ್ಲ. ಮಕ್ಕಳ ಜ್ವರ ಬಿಡಿಸ್ತಾಳೆ ಅಂತ ಯಾರು ಹೇಳಿದ್ದು?'

ಅವ್ವ, ಎಂದು ಹೇಳಬೇಕಿತ್ತು. ಮೊಣಕಾಲವರೆಗೆ ಲಂಗ ಎತ್ತಿ ಕಟ್ಟಿ ನೀರಿಗಿಳಿದವಳು, ಬೇಡ ಎಂದರೂ ತಿರುಗಿ ತಿರುಗಿ ನೋಡಿದ ಮಗನ ಕೆನ್ನೆಗೆ ಒದ್ದೆ ಕೈಯಿಂದಲೇ ಒಂದು ಕೊಟ್ಟವಳು. ಅವಳ ಹೆಸರು ಹೇಳುವ ಧೈರ್ಯ ಇಲ್ಲವೆಂದಲ್ಲ, ಅವಳ ಹೆಸರು ಬಾಯಿಗೆ ಬರಲೇ ಇಲ್ಲ. ಬಂದದ್ದು ಕಸುಬಿನ ಮಾತು. ಟಿಪ್ಪಣಿಕಾರನಿಗೆ ಮೂಲ ಗೊತ್ತಿಲ್ಲದಿದ್ದರೆ, ಅಥವಾ ಹೇಳಲು ಮನಸ್ಸಿಲ್ಲದಿದ್ದರೆ, ಎಲ್ಲರೂ ಬರೆಯುವ ಮಾತು.

'ಕೆಲವರು ಹಾಗೆ ಹೇಳ್ತಾರೆ ಸ್ವಾಮಿ.'

'ಯಾರು ಆ ಕೆಲವರು?'

'ಯಾವುದೋ ಹಳೇ ಪುಸ್ತಕದ ಅಂಚಲ್ಲಿ ನೋಡಿದ ನೆನಪು. ಹೆಸರು ಇರಲಿಲ್ಲ. ಮೂಢರ ಮಾತು.'

'ಮೂಢರದೇ' ಎಂದು ಮುದುಕರು ಒಪ್ಪಿದರು, ಸಂತೋಷದಿಂದ. 'ಹಾಗಾದ್ರೆ ಅದನ್ನೂ ಸೇರಿಸಿ. ಕೆಲವು ಮೂಢರು ಹೇಳುವಂತೆ, ಅಂತ.' ಅಂಚಿನ ಆ ಭಾಗವನ್ನು ಚಾಕುವಿನಿಂದ ಹೆರೆದು ಹೊಸದಾಗಿ ಬರೆಯಬೇಕು, ಈಗಲೇ, ಮೇಷ್ಟ್ರ ಕೈಯಿಂದಲೇ ಎಂದು ಅವರು ಹೇಳಿದರು. ಆನ್ಸೋಲ್ ಬರುವ ಈಸ್ಟರ್‌ವರೆಗೆ ಪಾಠ ಹೇಳಕೂಡದು. ಶುಕ್ರವಾರಗಳಂದು ರೊಟ್ಟಿ ನೀರು ಮಾತ್ರ. ಹುಡುಗರೆದುರು ನಿಂತು ತನ್ನ ಅಜಾಗರೂಕತೆಯನ್ನು ಒಪ್ಪಿಕೊಳ್ಳಬೇಕು. 'ಹೊಟ್ಟೆಗೂ ಒಳ್ಳೇದು' ಎಂದು ಅವರು ನಕ್ಕರು. ಆನ್ಸೋಲನೂ ನಕ್ಕ, ಸ್ವಲ್ಪ ತಡವಾಗಿ.

ಟೆಸೆಲಿನ್ ಕೂತು ಹೆರೆದ. ಚರ್ಮದ ಪುಡಿ ಬಿಳಿಯಾಗಿ ಎದ್ದು ಅವನ ತೋಳಿಗೆ ಅಂಟಿತು. 'ಕೆಲವು ಮೂಢರು' ಎಂದು ಬರೆಯುವಾಗ ಕೈ ಒಂದಿಷ್ಟೂ ನಡುಗಲಿಲ್ಲ, ಬೆಳಗ್ಗೆ ಚಮಚ ಹಿಡಿಯಲಾರದ ಕೈ. ಅವ್ವ ಕೆಲವರಾದಳು, ಮೂಢರಾದಳು, ಇನ್ನು ಮುಂದೆ ಈ ಪುಸ್ತಕವನ್ನು ಯಾರು ನಕಲು ಮಾಡಿದರೂ ಅವಳು ಹಾಗೆಯೇ ಊರೂರಿಗೆ ಹೋಗುತ್ತಾಳೆ. ಕೊನೆಯಲ್ಲಿ ಒಂದಕ್ಷರ, ಅದರ ನೆತ್ತಿಗೆ ಗೀಟು. ಅಂತೆ. ಮಸಿ ಒಣಗಲೆಂದು ಊದಿದ. ಮುಗಿಯಿತು, ಬದುಕಿದೆ ಎಂದು ಮೈಯೆಲ್ಲ ಸಡಿಲವಾಯಿತು. ತೂತಿನ ಕೋಣೆ ಇಲ್ಲ, ಬರಿಗಾಲಿನ ಬೀದಿಯಿಲ್ಲ, ಮೀನಿನವಳು ತನ್ನ ಮೊಣಕಾಲು ನೋಡುವುದಿಲ್ಲ. ಅಳು ಬರುವಷ್ಟು ಹಸಿವಾಯಿತು.

'ಕೊನೇದಾಗಿ ಇಬ್ರೂ ವಿಶ್ವಾಸ ಸಂಗ್ರಹ ಒಂದ್ಸಲ ಹೇಳಿಬಿಡಿ' ಎಂದರು ಆರ್ಚ್‌ಡೀಕನ್ನರು. 'ಅದೊಂದು ಶಾಸ್ತ್ರ. ಅದಾದ್ಮೇಲೆ ಮನೆಗೆ ಹೋಗಿ.'

ಇಬ್ಬರೂ ಮಂಡಿಯೂರಿದರು. ತಾನು ನಂಬುವುದನ್ನೆಲ್ಲ ಸಾಲುಸಾಲಾಗಿ ಸಾರುವ ಪ್ರಾರ್ಥನೆ ಅದು, ಮಾತು ಕಲಿತಾಗಿನಿಂದ ದಿನವೂ ಹೇಳಿದ್ದು. ಅಂತೆ ಕಲಿಯುವುದಕ್ಕೂ ಮೊದಲು ಕಲಿತದ್ದು. ಆನ್ಸೋಲ್ ಎಂದಿನ ಹಾಗೆ ಅರ್ಧ ಪದ ನುಂಗುತ್ತ, ಮುಗ್ಗರಿಸುತ್ತ, ಏದುಸಿರಿನಲ್ಲಿ ಹೇಳುತ್ತಿದ್ದ. ಟೆಸೆಲಿನ್ ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳಿದ. ಭೂಮಿ ಆಕಾಶಗಳನ್ನು ಸೃಷ್ಟಿಸಿದನು ಎಂದು ಹೇಳಿದ, ಮತ್ತು ಒಳಗೆ, ದನಿಯ ಹಿಂದೆಯೇ, ಸಾಲಿನ ಮೇಲೆ ಸಣ್ಣಕ್ಷರದಲ್ಲಿ ಬರೆದ ಹಾಗೆ, ಇನ್ನೊಂದು ಮಾತು ಬಂತು. ಸೃಷ್ಟಿಸಿದನಂತೆ. ಕಿವಿ ತಪ್ಪಿತೇನೋ ಎಂದು ಮುಂದಿನ ಸಾಲಿಗೆ ಹೋದ. ಕನ್ಯೆಯಲ್ಲಿ ಹುಟ್ಟಿದನು. ಹುಟ್ಟಿದನಂತೆ. ಶಿಲುಬೆಯ ಮೇಲೆ ಸತ್ತನು. ಸತ್ತನಂತೆ. ಎಷ್ಟು ಸಲೀಸಾಗಿ ಕೂರುತ್ತಿತ್ತು ಅದು, ಮೊದಲಿನಿಂದಲೂ ಅಲ್ಲಿ ಜಾಗ ಬಿಟ್ಟಿದ್ದರೋ ಎಂಬ ಹಾಗೆ. ಬೆನ್ನಿನ ಮೇಲೆ ತಣ್ಣನೆಯ ಬೆವರು ಇಳಿಯಿತು. ಇದು ಬಾಯಿಂದ ಹೊರಗೆ ಬಿದ್ದರೆ? ತುಟಿಗಳನ್ನು ಹಲ್ಲಿನಿಂದ ಹಿಡಿದು ಹಿಡಿದು ಬಿಡುತ್ತ, ಮೂರನೆಯ ದಿನ ಎದ್ದನು ಎಂದು ಕೂಗಿಯೇ ಹೇಳಿದ, ಒಳಗಿನದನ್ನು ದನಿಯಿಂದ ಮುಚ್ಚಲು. ಮುಚ್ಚಲಾಗಲಿಲ್ಲ. ಆಮೆನ್ ಎಂದಾಗ ಅವನ ಕಣ್ಣಲ್ಲಿ ನೀರಿತ್ತು.

ಆರ್ಚ್‌ಡೀಕನ್ನರು ಬಟ್ಟಲು ಕೆಳಗಿಟ್ಟರು. 'ಕಲೀರಿ ಆನ್ಸೋಲ್' ಎಂದರು, ಮೆಲ್ಲಗೆ. 'ನಂಬಿದವನ ಬಾಯಲ್ಲಿ ಹೀಗಿರುತ್ತೆ.'

ಹೊರಗೆ ಮಂಜು ಕರಗಿತ್ತು, ಬಿಸಿಲಿತ್ತು. ಆನ್ಸೋಲ್ ಮೆಟ್ಟಿಲಿಳಿದು ಹೋಗಿ ಕೆಳಗೆ ನಿಂತ. ಟೆಸೆಲಿನ್ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದ. ಮುಂಜಾನೆಯ ಭಯ ಒಂದು ಕಡೆಯಿಂದ ಬರುತ್ತಿತ್ತು, ಅದಕ್ಕೊಂದು ಬಾಗಿಲಿತ್ತು, ಮೇಜಿತ್ತು, ನೆಗಡಿಯ ಮೂಗಿತ್ತು. ಈಗಿನದಕ್ಕೆ ಏನೂ ಇರಲಿಲ್ಲ. ಹೆದರಿಕೆಯಾದಾಗಲೆಲ್ಲ ಮಾಡುತ್ತಿದ್ದ ಹಾಗೆ, ದೇವರೇ, ಎಂದು ಕರೆಯಲು ಬಾಯಿ ತೆರೆದ. ಆ ಹೆಸರಿನ ಬೆನ್ನಿಗೇ ಆ ಪುಟ್ಟ ಮಾತು ಕಾದು ಕೂತಿರುವುದು ಗೊತ್ತಾಗಿ ಬಾಯಿ ಮುಚ್ಚಿದ. ಹಾಗಾದರೆ ಅವಳನ್ನಾದರೂ, ನೀರಿನ ಕೆಳಗಿನವಳನ್ನು, ತಾನು ಮೂರು ರಾತ್ರಿ ಗುಟ್ಟಾಗಿ ಕರೆದಿದ್ದವಳನ್ನು ಎಂದುಕೊಂಡ. ಅವಳನ್ನು ಈಗಷ್ಟೇ ತನ್ನ ಕೈಯಾರೆ ಹೆರೆದು ಬಂದಿದ್ದ. ತೋಳಿನ ಮೇಲೆ ಆ ಬಿಳಿ ಪುಡಿ ಇನ್ನೂ ಇತ್ತು. ಕರೆಯಲು ಯಾರೂ ಉಳಿದಿರಲಿಲ್ಲ.

'ಬರ್ತೀರಾ ಮೇಷ್ಟ್ರೇ?' ಎಂದು ಕೆಳಗಿನಿಂದ ಆನ್ಸೋಲ್ ಕೇಳಿದ, ಅವನ ಮುಖ ನೋಡದೆ.

ಬರುತ್ತೇನೆ ಎಂದು ಹೇಳಬೇಕೆಂದು ಟೆಸೆಲಿನ್ನನಿಗೆ ಗೊತ್ತಿತ್ತು. ಅದರ ಬೆನ್ನಿಗೂ ಆ ಪುಟ್ಟ ಮಾತು ಬಂದರೆ ಎಂದು ಹೇಳಲು ಹೆದರಿಕೆಯಾಯಿತು.